ಅಕ್ಕ ಕೊಟ್ಟ ರಸ

"ಬೇರೆ ಏನಾದ್ರೂ ತಗೋತಿದ್ದೀರಾ ಮಾವ?" ಎಂದು ನರ್ಸ್ ಲೋಸಾ ಮೂರನೆಯ ಸಲ ಕೇಳಿದಳು. ಎಲಿಸಾರಾ ಮೂರನೆಯ ಸಲವೂ "ಏನಿಲ್ಲ" ಎಂದ. ಮೇಜಿನ ಮೇಲೆ ಅವನು ತಂದಿಟ್ಟ ಗುಳಿಗೆ ಪಟ್ಟಿಗಳು ಎರಡೇ, ಬಿಪಿಯದೊಂದು, ಕೀಲು ಊದಿಸುವ ಗೌಟಿನದೊಂದು. ಸ್ಟೂಲಿನ ಮೇಲೆ ಚಾಚಿದ್ದ ಬಲಗಾಲಿನ ಹೆಬ್ಬೆರಳು ಮಾಗಿದ ಟೊಮೇಟೊ ಹಾಗೆ ಊದಿಕೊಂಡಿತ್ತು. ಮುಂದಿನ ಶನಿವಾರ ಹೊಸ ಚರ್ಚಿನ ಪ್ರವೇಶ. ಊರ ಪರವಾಗಿ ಮಾತಾಡುವವನು ಬಯಲಿನಲ್ಲಿ ಕೋಲು ಹಿಡಿದು, ಬರಿಗಾಲಲ್ಲಿ ನೆಟ್ಟಗೆ ನಿಲ್ಲಬೇಕು. ಸವಾಯಿ ದ್ವೀಪದ ಈ ಕರಾವಳಿಯಲ್ಲಿ ಇಪ್ಪತ್ತು ವರ್ಷದಿಂದ ಆ ಜಾಗ ಎಲಿಸಾರಾನದು. ಅವನು ಕುಂಟಿದರೆ ಸಾಕೆಂದು ಪಕ್ಕದ ಕೇರಿಯ ಮಾಲಾಕಿ ಆ ಜಾಗಕ್ಕೆ ತುದಿಗಾಲಲ್ಲಿ ಕಾಯುತ್ತಿದ್ದ.

ಲೋಸಾ ರಕ್ತದ ರಿಪೋರ್ಟನ್ನು ಕೆಳಗಿಟ್ಟು ಮುಂದೆ ಬಾಗಿ ಮೂಸಿದಳು. ಹಳಸಿದ ಚೀಸಿನಂಥ ವಾಸನೆ. ಆ ವಾಸನೆಯಲ್ಲೇ ಅವಳು ಹುಟ್ಟಿ ಬೆಳೆದವಳು.

"ನೋನಿ ರಸ. ನಮ್ಮಮ್ಮ ಕೊಟ್ಟಿದ್ದು ತಾನೆ? ಎಷ್ಟು ದಿನದಿಂದ?"

"ಮೂರು ತಿಂಗಳಾಯ್ತು. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು. ನೋವು ಜಾಸ್ತಿಯಾದ ದಿನ ಮಧ್ಯಾಹ್ನಾನೂ."

"ಮತ್ತೆ ಏನಿಲ್ಲ ಅಂದ್ರಲ್ಲ."

"ನೀನು ಔಷಧಿ ಕೇಳಿದೆ. ಅದು ಔಷಧಿಯಲ್ಲ, ಅಕ್ಕ ಕೊಟ್ಟ ರಸ."

ಇದರಲ್ಲಿ ಕುತರ್ಕವೇನೂ ಇರಲಿಲ್ಲ. ಆ ನಾಡಿನಲ್ಲಿ ಅಕ್ಕ ಕೊಟ್ಟದ್ದನ್ನು ತಮ್ಮ ಬೇಡ ಎನ್ನುವ ಹಾಗಿಲ್ಲ. ಬೇಡ ಎಂದರೆ ಹೊಲದ ಗೆಡ್ಡೆ ಕೊಳೆಯುತ್ತದೆ, ಬಲೆಗೆ ಮೀನು ಬೀಳುವುದಿಲ್ಲ, ಅವಳು ಮನಸ್ಸು ನೋಯಿಸಿಕೊಂಡರೆ ಮನೆಗೆ ಏಳಿಗೆಯಿಲ್ಲ. ಹತ್ತೂರಿನ ಮಾತುಗಾರರ ಬಾಯಿ ಮುಚ್ಚಿಸಿದ ಎಲಿಸಾರಾನಿಗೆ ಫುವಾತಿನೊ ಅಕ್ಕನ ಮುಂದೆ ನಾಲಿಗೆ ಏಳುತ್ತಿರಲಿಲ್ಲ.

ನೆನೆದವರ ಮನದಲ್ಲಿ ಎಂಬಂತೆ ಅಷ್ಟರಲ್ಲಿ ಫುವಾತಿನೊ ಒಳಗೆ ಬಂದಳು. ಕೈಯಲ್ಲಿ ಸೋಯಾ ಸಾಸಿನ ಹಳೇ ಬಾಟಲಿ, ಅದರ ತುಂಬ ಕಂದು ರಸ.

"ಬೆಳಿಗ್ಗೆ ಕುಡೀದೇ ಬಂದಿದ್ದೀಯ. ತಗೋ."

"ಅಮ್ಮ, ಕೊಡಬೇಡ," ಎಂದು ಲೋಸಾ ಬಾಟಲಿ ಹಿಡಿದುಕೊಂಡಳು. "ಮಾವನ ಕಿಡ್ನಿ ಸ್ವಲ್ಪ ಸೋತಿದೆ. ಬಿಪಿ ಗುಳಿಗೆ ಬೇರೆ ನುಂಗ್ತಾರೆ. ಅದರ ಮೇಲೆ ಇದನ್ನೂ ಕುಡಿದ್ರೆ ರಕ್ತದಲ್ಲಿ ಪೊಟ್ಯಾಶಿಯಂ ಏರ್ತದೆ."

"ಕಾಡಲ್ಲಿ ಬೆಳೆದ ಹಣ್ಣು ಕಣೇ. ನಮ್ಮಜ್ಜಿ ತೊಂಬತ್ತು ವರ್ಷ ಕುಡಿದ್ಲು."

"ಅಜ್ಜಿ ಬಿಪಿ ಗುಳಿಗೆ ನುಂಗ್ತಿದ್ಲಾ?"

ಫುವಾತಿನೊ ಬಾಟಲಿಯನ್ನು ತನ್ನತ್ತ ಎಳೆದುಕೊಂಡಳು.

"ಹಣ್ಣು ಕೆಟ್ಟದ್ದು ಅಂತಿಲ್ಲಮ್ಮ. ಇವರಿಗೆ ಆಗಿಬರಲ್ಲ. ಏರ್ತಾ ಹೋದ್ರೆ ಒಂದಿನ ಎದೆಬಡಿತ ನಿಂತೇ ಹೋಗಬಹುದು."

ಫುವಾತಿನೊ ಪಕ್ಕದ ಬೆಂಚಿನ ಮೇಲೆ ಕುಳಿತಳು. ಅವಳಿಗೆ ನಿಜಕ್ಕೂ ಭಯವಾಗಿತ್ತು. ತಾಯಿ ಸತ್ತ ಮೇಲೆ ಈ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ.

"ಗುಳಿಗೆ ನುಂಗೋದು ನನಗ್ಯಾಕೋ ಹೇಳಲಿಲ್ಲ?"

"ನೀನು ಕೇಳಲಿಲ್ಲ."

ಅವಳು ಎದ್ದು ಹೊರಗೆ ಹೋಗಿ ದಾಸವಾಳದ ಬುಡಕ್ಕೆ ಅಷ್ಟೂ ರಸವನ್ನು ಸುರಿದು ಬಂದಳು. ಎಲಿಸಾರಾ ನಿಟ್ಟುಸಿರು ಬಿಟ್ಟ. ಆ ವಾಸನೆಯಿಂದ ಮೂರು ತಿಂಗಳ ಮೇಲೆ ಬಿಡುಗಡೆ ಸಿಕ್ಕಿತ್ತು. ಆದರೆ ಲೋಸಾ ಸುಮ್ಮನಿರುವ ಪೈಕಿಯಲ್ಲ. ತಾನು ವರ್ಷವಿಡೀ ಹೇಳಿ ಸೋತದ್ದನ್ನು ಯಾರ ಬಾಯಲ್ಲಿ ಹೇಳಿಸಬೇಕೆಂದು ಅವಳಿಗೆ ಈಗ ಹೊಳೆದಿತ್ತು. ತಾಯಿಯ ಕಿವಿಯಲ್ಲಿ ಗೌಟ್ ಕೆರಳಿಸುವ ತಿನಿಸುಗಳ ಪಟ್ಟಿ ಉಸುರಿದಳು.

"ಹಂದಿ ಬೇಡ," ಎಂದಳು ಫುವಾತಿನೊ. "ಡಬ್ಬಿ ಮಾಂಸ ಬೇಡ. ಏಡಿ ಬೇಡ. ಬಿಯರ್ ಬೇಡ."

"ಅಕ್ಕಾ, ಶನಿವಾರ ಹಂದಿ ತೊಡೆ ನನ್ನ ಪಾಲು. ಹೆಸರು ಕೂಗಿ ಕೊಡ್ತಾರೆ. ಬೇಡ ಅಂದ್ರೆ ಮಾಲಾಕಿ—"

"ಏನಂದೆ?"

"ಏನಿಲ್ಲ."

ಒಂಬತ್ತು ದಿನ ಎಲಿಸಾರಾ ಅನ್ನ, ಎಲೆಕೋಸು, ಸೌತೆಕಾಯಿ ತಿಂದು ಮುಖ ಸಿಂಡರಿಸಿಕೊಂಡೇ ಕಳೆದ. ಗೌಟಿನ ಗುಳಿಗೆಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಶನಿವಾರ ಬೆಳಿಗ್ಗೆ ಹೆಬ್ಬೆರಳು ಹೆಬ್ಬೆರಳಿನಂತೆ ಕಾಣುತ್ತಿತ್ತು. ಯಾರು ಮಾತಾಡಬೇಕೆಂಬ ಜಗಳ ವಾಡಿಕೆಯಂತೆ ಬಯಲಿನಲ್ಲೇ ನಡೆದು, ಅರ್ಧ ಗಂಟೆಗೆ ಮಾಲಾಕಿ ಸೋತು ಕುಳಿತ. ಎಲಿಸಾರಾ ಕೋಲೂರಿ, ಎರಡೂ ಪಾದ ಹುಲ್ಲಿಗೆ ಒತ್ತಿ, ಒಂದು ಗಂಟೆ ಮಾತಾಡಿದ. ಪಾದ್ರಿಗಳೇ ಕಣ್ಣೊರೆಸಿಕೊಂಡರು.

ಆಮೇಲೆ ಅವನ ಹೆಸರು ಕೂಗಿ, ಎಣ್ಣೆ ಜಿನುಗುವ ಹಂದಿ ತೊಡೆಯನ್ನು ತಂದು ಮುಂದಿಟ್ಟರು. ಊರೆಲ್ಲ ನೋಡುವಂತೆ ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿಹಿಡಿದ. ಕಣ್ತುಂಬ ನೋಡಿದ. ಬಾಯಲ್ಲಿ ನೀರೂರಿದ್ದನ್ನು ನುಂಗಿಕೊಂಡು ಅಕ್ಕನ ಮಡಿಲಿಗಿಟ್ಟ.

"ಮರ್ಯಾದೆ ನನಗೆ ಬಂತು. ಮಾಂಸ ನೀನಿಟ್ಕೋ."

ಫುವಾತಿನೊಗೆ ಹಿಗ್ಗೋ ಹಿಗ್ಗು. ತಮ್ಮ ಕೊಟ್ಟದ್ದನ್ನು ಹಂಚಲು ಮನಸ್ಸಾಗದೆ ಎರಡು ದಿನ ಒಬ್ಬಳೇ ತಿಂದಳು.

ಮಂಗಳವಾರ ಲೋಸಾ ಆಸ್ಪತ್ರೆ ಬಾಗಿಲು ತೆರೆದಾಗ ಬೆಂಚಿನ ಮೇಲೆ ತಾಯಿ ಕುಳಿತಿದ್ದಳು, ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಆತುಕೊಳ್ಳಲು ತನ್ನ ಕೋಲು ಕೊಟ್ಟು ಕರೆತಂದಿದ್ದ ಎಲಿಸಾರಾ ಪಕ್ಕದಲ್ಲಿದ್ದ.

"ಅಮ್ಮನಿಗೆ ನೀವಾದ್ರೂ ಬೇಡ ಅನ್ನಬಾರದಿತ್ತಾ ಮಾವ?"

"ನಾನು ಅನ್ನೋ ಹಾಗಿಲ್ಲಮ್ಮ," ಎಂದ ಎಲಿಸಾರಾ, ಅಕ್ಕನ ಕೆಂಪು ಹೆಬ್ಬೆರಳನ್ನು ಗೌರವದಿಂದ ನೋಡುತ್ತ. "ಈ ಊರಲ್ಲಿ ಅಕ್ಕನಿಗೆ ಬೇಡ ಅನ್ನೋ ಧೈರ್ಯ ಇರೋದು ಈ ಹೆಬ್ಬೆರಳು ಸಾಹೇಬರೊಬ್ಬರಿಗೇ."