ಬೆಳ್ಳಿ ಲೋಟದ ಚಹಾ

"ಲಗೂನ ಕಟ್ರಲೇ! ಮೇಡಂ ಜೀಪು ಊರ ಅಗಸಿ ಬಾಗಲಿಗೆ ಬಂದೈತಿ!"

ಬಾಪುಗೌಡ ಜೀವನದಲ್ಲಿ ಮೊದಲ ಸಲ ಮಾದರ ಓಣಿಯಲ್ಲಿ ಓಡುತ್ತಿದ್ದ. ಮುಂದೆ ಆರು ಎಮ್ಮೆ. ಓಣಿಯ ಹೆಂಗಸರಿಗೆಂದು ಸರ್ಕಾರ ಕೊಟ್ಟವು. ಹಾರ ಹಾಕಿ ಫೋಟೊ ತೆಗೆದ ದಿನವೇ ಅವು ಗೌಡನ ಕೊಟ್ಟಿಗೆ ಸೇರಿದ್ದವು. ಹಾಲು ಅವನಿಗೆ, ಸಗಣಿ ಬಾಚುವುದು ಹೆಂಗಸರಿಗೆ. ಭಾಷಣದಲ್ಲಿ ಇದನ್ನೇ ಮಹಿಳಾ ಸಬಲೀಕರಣ ಎನ್ನುತ್ತಿದ್ದ. ಮೂರೂ ಬಿಟ್ಟವರು ಊರಿಗೆ ದೊಡ್ಡವರು.

"ಸಂಜಿಗೆ ಹೊಳ್ಳಿ ತಂದು ಕಟ್ಟಬೇಕ್, ತಿಳೀತಿಲ್ಲ?" ಎಂದು ಆ ಹೆಂಗಸರಲ್ಲಿ ಹಿರಿಯಳಾದ ಗಾಳೆವ್ವನತ್ತ ಹಗ್ಗ ಎಸೆದ. ಅವಳು ಅದನ್ನು ಮುಂಗೈಗೆ ಬಿಗಿಯಾಗಿ ಸುತ್ತಿಕೊಂಡಳು. ಅವಳ ಮೊಮ್ಮಗಳು ಕರಿಚಹಾ ಕುಡಿದೇ ಬೆಳೆಯುತ್ತಿದ್ದಳು.

ಎಮ್ಮೆಗಳ ತಪಾಸಣೆಗೆ ಬಂದ ಅಧಿಕಾರಿ ಜೀಪಿನಿಂದ ಇಳಿದಳು. ಕನ್ನಡಕ, ಗಂಜಿ ಹಾಕಿದ ಸೀರೆ, ಕುತ್ತಿಗೆಯವರೆಗೂ ಪೌಡರು. ಜಾತಿಯ ವಾಸನೆ ದೂರದಿಂದಲೇ ಹಿಡಿಯುತ್ತೇನೆಂದು ಬೀಗುವ ಗೌಡ ಕೈಮುಗಿದ.

"ತಮ್ಮ ಅಡ್ಡಹೆಸರು, ಮೇಡಂ?"

"ದೇಶಪಾಂಡೆ."

ಗೌಡನ ಬೆನ್ನು ಇನ್ನಷ್ಟು ಬಾಗಿತು.

ದೇಶಪಾಂಡೆ ಮೇಡಂ ಕೊಂಬಿನ ಬುಡ ತುರಿಸಿದ್ದೇ ಹಾಯುವ ಎಮ್ಮೆಯೂ ಸುಮ್ಮನೆ ನಿಂತಿತು. "ಇವು ಯಾರ್ವು?" ಮೈಕಿಲ್ಲದೆ ಆ ದನಿ ಅಗಸಿಯವರೆಗೂ ಕೇಳಿತು.

"ಈ ಅವ್ವಗಳವು ರೀ. ನಂದೇನೈತ್ರಿ ಇದರಾಗ!"

"ಹಂಗಾರ ಮಂದಿ ಮುಂದ ಆಣಿ ಮಾಡ್ರಿ."

ಗೌಡ ಗುಡಿಯ ಕಡೆ ಕೈಯೆತ್ತಿದ. "ವೀರಭದ್ರನ ಆಣಿರೀ. ಎಮ್ಮಿ ಇವರವ."

ಊರೇ ನಿಂತು ಕೇಳಿತು. ವೀರಭದ್ರನ ಆಣೆ ತಪ್ಪಿದವನ ಮನೆಗೆ ಯಾರೂ ಹೆಣ್ಣು ಕೊಡರು. ಗೌಡನ ಮಗನಿಗೆ ಹೆಣ್ಣು ನೋಡುತ್ತಿದ್ದರು.

ಆಮೇಲೆ ಗೌಡ ಮೇಡಂ ಅವರನ್ನು ತನ್ನ ಮನೆಗೆ ಕರೆದೊಯ್ದು ದೇವರಕೋಣೆಯ ಎದುರಿನ ತೂಗುಮಂಚದಲ್ಲಿ ಕೂರಿಸಿದ. ಗೌಡತಿ ಬೆಳ್ಳಿ ಲೋಟದಲ್ಲಿ ಚಹಾ ತಂದಳು. ಗಾಳೆವ್ವನಂಥವರಿಗೆ ಆ ಮನೆಯಲ್ಲಿ ಹೊಸ್ತಿಲಾಚೆ ಒಂದು ಸೊಟ್ಟ ಅಲ್ಯುಮಿನಿಯಂ ಲೋಟವಿತ್ತು. ಅದನ್ನೂ ಅವರೇ ತೊಳೆದು ಬೋರಲು ಹಾಕಬೇಕು.

ಸಂಜೆ ಎಮ್ಮೆಗಳನ್ನು ಕೇಳಲು ಗೌಡ ಬರಲಿಲ್ಲ. ಗಾಳೆವ್ವ ಹಾಲು ಹಿಂಡಿ, ಮೊದಲ ಬಟ್ಟಲನ್ನು ಮೊಮ್ಮಗಳಿಗೆ ಕೊಟ್ಟಳು. ಎರಡನೆಯದನ್ನು ಒಯ್ದದ್ದು ಪಕ್ಕದ ಊರಿನ ಜಾತ್ರೆಗೆ ಬಂದಿದ್ದ ನಾಟಕ ಕಂಪನಿಯ ಡೇರೆಗೆ. ಹೊರಗೆ ಬೆಳಗಿನ ಅದೇ ಜೀಪು ನಿಂತಿತ್ತು.

ಒಳಗೆ ಅವಳ ತವರಿನ ತಂಗಿ ಹುಲಿಗೆವ್ವ ಕನ್ನಡಕ ತೆಗೆದು, ಕಂಪನಿಯ ಪೆಟ್ಟಿಗೆಯಲ್ಲಿ ಸೀರೆ ಮಡಚಿಡುತ್ತಿದ್ದಳು. "ಬೆಳ್ಳಿ ಲೋಟದಾಗ ಕುಡದ್ರೂ ಗೌಡರ ಮನಿ ಚಾ ಸಪ್ಪಗನ ಐತಿ ನೋಡಕ್ಕಾ!"