ಡೈನಮೋ ಪೂಜೆ

ಅಪ್ಪ ಬಿಟ್ಟುಹೋದ ಹಳೆಯ ಕಾರಿನಲ್ಲೇ ಅವಳು ದಿನವೂ ಪಾಠ ಹೇಳಲು ಶಾಲೆಗೆ ಹೋಗುತ್ತಿದ್ದಳು. ಒಂದೇ ತಿಂಗಳಲ್ಲಿ ಅದು ಮೂರನೆಯ ಸಲ ಗ್ಯಾರೇಜು ಸೇರಿತ್ತು.

"ಬ್ಯಾಟರಿ ಚೆನ್ನಾಗಿದೆ ಮೇಡಂ, ಡೈನಮೋನೂ ಚೆನ್ನಾಗಿದೆ," ಎಂದ ಮೆಕ್ಯಾನಿಕ್. "ಡೈನಮೋದಿಂದ ಬ್ಯಾಟರಿಗೆ ಹೋಗೋ ಚಾರ್ಜಿಂಗ್ ವೈರಿನ ನಟ್ಟು ಮತ್ತೆ ಸಡಿಲ, ಅದಕ್ಕೇ ಬ್ಯಾಟರಿ ಇಳಿದು ಕಾರು ನಿಲ್ತಿದೆ. ಯಾರೋ ಸ್ಪ್ಯಾನರ್ ಹಾಕಿ ಬಿಚ್ತಿದಾರೆ."

"ಯಾರೋ ಯಾಕೆ, ನೀನೇ ಇರ್ಬೇಕು," ಎಂದು ಅವಳ ಗಂಡ ಮೆಕ್ಯಾನಿಕ್ ಮೇಲೆ ರೇಗಿದ. "ಬಸ್ಸಲ್ಲಿ ಹೋಗು ಅಂದ್ರೆ ಕೇಳಲ್ಲ. ಊರೆಲ್ಲ ನೋಡೋ ಹಾಗೆ ಕಾರು ಓಡಿಸ್ಲೇಬೇಕು ಇವಳಿಗೆ."

"ಓಡಿಸ್ತೀನಿ," ಎಂದಳು ಅವಳು.

ಅಂದು ಶುಕ್ರವಾರ. ಸಂಜೆ ಮನೆಗೆ ತಂದ ಕಾರಿಗೆ ಊದುಬತ್ತಿ ಬೆಳಗಿದಳು. ಯಾರೂ ಇಲ್ಲದಾಗ ಬಾನೆಟ್ ಎತ್ತಿ, ಮೆಕ್ಯಾನಿಕ್ ಬಿಗಿದಿದ್ದ ನಟ್ಟಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ದಪ್ಪಗೆ ಬಳಿದಳು.

ಬೆಳಿಗ್ಗೆ ಗಂಡ ಪೇಪರ್ ಹಿಡಿದು ಹೊರಗಿನಿಂದ ಬಂದ. "ನೋಡ್ತಿರು, ಇನ್ನೆರಡು ದಿನಕ್ಕೆ ನಿನ್ನ ಕಾರು ಮತ್ತೆ ನಿಲ್ಲುತ್ತೆ," ಎನ್ನುತ್ತ ಕಾಫಿಗೆ ಕೈ ಚಾಚಿದ.

ಕೆಂಪಾಗಿದ್ದ ಆ ಬೆರಳುಗಳನ್ನು ನೋಡಿ ಅವಳು ಲೋಟವನ್ನು ಹಿಂದಕ್ಕೆ ಎಳೆದುಕೊಂಡಳು.

"ಮೊದಲು ಹೋಗಿ ಆ ನಟ್ಟು ಬಿಗಿ ಮಾಡಿ ಬನ್ನಿ."