ತವರಿನ ಮಲ್ಲಿಗೆ

"ನಿಮ್ಮೋರು ಮುಟ್ಟಿದ ಹೂ ನಮ್ಮ ದೇವರಿಗಾಗಲ್ಲ ಕಣಮ್ಮ," ಎಂದು ನೆರೆಮನೆಯಾಕೆ ಬೊಗಸೆ ಮಲ್ಲಿಗೆಯನ್ನು ಹಿಂದಕ್ಕೆ ತಳ್ಳಿದ್ದಳು. ಗಿರಿಯಮ್ಮ ಆ ಹೂವನ್ನು ತಾನೇ ಮುಡಿದಳು. ಮಾತನ್ನು ಮಾತ್ರ ಮರೆಯಲಿಲ್ಲ.

ಮಳೆಗಾಲದಲ್ಲಿ ತನ್ನ ಅಂಗಳದ ಮಲ್ಲಿಗೆ ಬಳ್ಳಿಯ ಕವಲೊಂದನ್ನು ತೆಂಗಿನ ಚಿಪ್ಪಿನ ಮಣ್ಣಲ್ಲಿ ಬೇರು ಬಿಡಿಸಿ, ಇಬ್ಬರ ಮನೆಗಳ ನಡುವಿನ ಗೋಡೆಯ ಮೇಲಿಟ್ಟಳು. ಕದ್ದ ಬಳ್ಳಿ ಹುಲುಸಾಗಿ ಹಬ್ಬುತ್ತದೆಂಬ ಮಾತು ಬೀದಿಗೆಲ್ಲ ಗೊತ್ತು. ಬೆಳಗಾಗುವಷ್ಟರಲ್ಲಿ ಚಿಪ್ಪು ಮಾಯವಾಗಿತ್ತು. ಅವಳು ಯಾರನ್ನೂ ಕೇಳಲಿಲ್ಲ.

ಬೇಸಿಗೆಗೆ ನೆರೆಮನೆಯ ಚಪ್ಪರ ಬೆಳ್ಳಗೆ ಅರಳಿತು. ಪೂಜೆಗೆ ಬಂದ ಹೆಂಗಸರು ದೇವರ ತಲೆ ತುಂಬಿದ ಹೂ ಕಂಡು ಬೆರಗಾದರು.

"ಎಲ್ಲಿಂದ ತಂದ್ರಿ ಈ ಬಳ್ಳಿ?"

"ನನ್ನ ತವರಿಂದು. ಕಂಡೋರು ಮುಟ್ಟಿದ್ದಲ್ಲ."

ಗೋಡೆಯಾಚೆ ನೀರು ಹಾಕುತ್ತಿದ್ದ ಗಿರಿಯಮ್ಮ ತಲೆಯೆತ್ತಿದಳು.

"ಹಂಗಾದ್ರೆ ಬುಡ ಕೆದಕಿ ನೋಡ್ರವ್ವ. ಬೇರಿಗೆ ನಾನು ತೊಡಿಸಿದ್ದ ಹಸಿರು ಬಳೆ ಸಿಕ್ತದೆ."